ಗೇಟಿನಲ್ಲಿ ನಿಂತವರ ಸಂಬಳ ಯಾರು ಕೊಡಬೇಕು? ಅಮೆರಿಕದ ವಿಮಾನಯಾನದ ಒಂದು ಪ್ರಕರಣ

ವಿಮಾನದ ಟಿಕೆಟ್ ದರವನ್ನು ಸರ್ಕಾರ ನಿಗದಿ ಮಾಡಬಾರದು, ಪೈಪೋಟಿಗೆ ಬಿಡಬೇಕು. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಮೆರಿಕ 1978ರಲ್ಲಿ ಅದನ್ನೇ ಮಾಡಿತು, ಅದರಿಂದ ಅಲ್ಲಿನ ಸಾಮಾನ್ಯ ಜನ ವಿಮಾನ ಹತ್ತುವಂತಾಯಿತು. ಆದರೆ ಹಾಗೆ ಮಾಡುವಾಗ ಒಂದು ಕೆಲಸವನ್ನೂ ಆ ಪೈಪೋಟಿಯ ಒಳಗೇ ಬಿಟ್ಟರು. ಅದು ಗೇಟಿನಲ್ಲಿ ನಡೆಯುವ ಪ್ರಯಾಣಿಕರ ಸೆಕ್ಯುರಿಟಿ ತಪಾಸಣೆ. 1973ರಿಂದ 2001ರವರೆಗೆ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಬ್ಯಾಗ್ ನೋಡುವವರ ಸಂಬಳ ಕೊಡುತ್ತಿದ್ದದ್ದು ಸರ್ಕಾರವಲ್ಲ, ವಿಮಾನ ಕಂಪನಿಗಳು. ಇದರಿಂದ ಏನೇನಾಯಿತು ಅನ್ನೋದೇ ಈ ಬರಹ.

ಮೊದಲು ಹಳೆಯ ಕಾಲದ ವ್ಯವಸ್ಥೆ ಹೇಗಿತ್ತು ಅಂತ ನೋಡೋಣ. 1938ರಲ್ಲಿ ಶುರುವಾದ ವ್ಯವಸ್ಥೆಯಲ್ಲಿ ಸಿವಿಲ್ ಏರೋನಾಟಿಕ್ಸ್ ಬೋರ್ಡ್ ಅನ್ನೋ ಸಂಸ್ಥೆ ಯಾವ ಕಂಪನಿ ಯಾವ ಊರಿಂದ ಯಾವ ಊರಿಗೆ ಹಾರಬೇಕು, ಎಷ್ಟು ದರ ತಗೊಳ್ಳಬೇಕು ಎಲ್ಲವನ್ನೂ ತೀರ್ಮಾನಿಸುತ್ತಿತ್ತು. ನಲವತ್ತು ವರ್ಷದಲ್ಲಿ ದೇಶದುದ್ದ ಹಾರುವ ಹೊಸ ದೊಡ್ಡ ಕಂಪನಿ ಒಂದಕ್ಕೂ ಅದು ಅನುಮತಿ ಕೊಡಲಿಲ್ಲ. ದರದಲ್ಲಿ ಪೈಪೋಟಿ ಇಲ್ಲದ ಮೇಲೆ ಊಟದಲ್ಲಿ, ಸೀಟಿನಲ್ಲಿ, ಗಂಟೆಗೊಂದು ಅರ್ಧ ಖಾಲಿ ವಿಮಾನ ಬಿಡುವುದರಲ್ಲಿ ಪೈಪೋಟಿ ನಡೆಯುತ್ತಿತ್ತು. ಖರ್ಚು ಜಾಸ್ತಿಯಾದರೆ ಬೋರ್ಡಿನ ಮುಂದೆ ಹೋಗಿ ದರ ಏರಿಸಿಕೊಂಡು ಬರಬಹುದಿತ್ತು. ಬೋರ್ಡಿನ ಕೈ ರಾಜ್ಯದೊಳಗಿನ ಹಾರಾಟಕ್ಕೆ ಮಾತ್ರ ಎಟುಕುತ್ತಿರಲಿಲ್ಲ. ಅದಕ್ಕೇ 1971ರಲ್ಲಿ ಸೌತ್‌ವೆಸ್ಟ್ ಅನ್ನೋ ಕಂಪನಿ ಟೆಕ್ಸಾಸ್ ರಾಜ್ಯದ ಗಡಿ ದಾಟದೆ ಡಾಲಸ್, ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ ನಡುವೆ ಅಗ್ಗದ ದರದಲ್ಲಿ ಹಾರಲು ಶುರು ಮಾಡಿತು.

ಅದೇ ಕಾಲದಲ್ಲಿ ಹೈಜಾಕ್ ಹಾವಳಿ ಶುರುವಾಗಿತ್ತು. 1968ರಿಂದ 1972ರ ನಡುವೆ 130ಕ್ಕೂ ಹೆಚ್ಚು ಅಮೆರಿಕನ್ ವಿಮಾನಗಳ ಅಪಹರಣದ ಪ್ರಯತ್ನ ನಡೆಯಿತು. ಎಷ್ಟೋ ಜನ ಕ್ಯೂಬಾಕ್ಕೆ ಹೋಗಬೇಕು ಅನ್ನುತ್ತಿದ್ದರು, ಕೆಲವರು ದುಡ್ಡು ಕೇಳುತ್ತಿದ್ದರು. ಕಂಪನಿಗಳು ಪ್ರಯಾಣಿಕರನ್ನು ತಡಕಿ ನೋಡೋಕೆ ಒಪ್ಪುತ್ತಿರಲಿಲ್ಲ, ಗಿರಾಕಿಗೆ ಬೇಜಾರಾಗುತ್ತದೆ ಅನ್ನೋ ಭಯ. 1972ರ ನವೆಂಬರಿನಲ್ಲಿ ಸದರ್ನ್ ಏರ್‌ವೇಸ್ ವಿಮಾನವನ್ನು ಹಿಡಿದಿಟ್ಟ ಮೂವರು ಅದನ್ನು ಓಕ್ ರಿಡ್ಜ್‌ನ ಅಣು ಕೇಂದ್ರಕ್ಕೆ ಅಪ್ಪಳಿಸುತ್ತೇವೆ ಅಂತ ಬೆದರಿಸಿದರು. ಗಮನಿಸಿ, ವಿಮಾನವನ್ನೇ ಆಯುಧ ಮಾಡುವ ಯೋಚನೆ 2001ರಲ್ಲಿ ಮೊದಲ ಸಲ ಹುಟ್ಟಿದ್ದಲ್ಲ. ಆ ಘಟನೆಯ ನಂತರ ಸರ್ಕಾರ ಕಾಯಲಿಲ್ಲ. 1973ರ ಜನವರಿ 5ರಿಂದ ಪ್ರತಿ ಪ್ರಯಾಣಿಕನ, ಕೈಚೀಲದ ತಪಾಸಣೆ ಕಡ್ಡಾಯವಾಯಿತು. ತಪಾಸಣೆಯ ಹೊಣೆಯನ್ನು ವಿಮಾನ ಕಂಪನಿಗಳ ಮೇಲೆ ಹಾಕಿದರು, ಅದರ ಖರ್ಚನ್ನು ಟಿಕೆಟ್ಟಿಗೆ ಸೇರಿಸಿಕೊಳ್ಳೋಕೆ ಬೋರ್ಡು ಒಪ್ಪಿತು.

ಆ ಐದಾರು ವರ್ಷ ಈ ಏರ್ಪಾಡು ಅಷ್ಟೇನೂ ತಪ್ಪಾಗಿ ಕಾಣಲಿಲ್ಲ. ಎಲ್ಲ ಕಂಪನಿಗೂ ಒಂದೇ ನಿಯಮ, ಒಂದೇ ದರ. ಖರ್ಚು ಎಷ್ಟಾದರೂ ಟಿಕೆಟ್ಟಿನಲ್ಲಿ ವಾಪಸ್ ಬರುತ್ತಿತ್ತು. ಹಾಗಾಗಿ ಗೇಟಿನಲ್ಲಿ ನಾಲ್ಕು ಕಾಸು ಉಳಿಸಿದರೆ ಯಾರಿಗೂ ಹೇಳಿಕೊಳ್ಳುವಂಥ ಲಾಭ ಇರಲಿಲ್ಲ.

1977ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಕಾನ್ ಆ ಬೋರ್ಡಿನ ಅಧ್ಯಕ್ಷರಾಗಿ ಬಂದರು. ತಾವು ಕೂತ ಸಂಸ್ಥೆಯೇ ಬೇಡ ಅನ್ನೋ ಕಡೆಗೆ ನಿಂತವರು ಅವರು. 1978ರ ಅಕ್ಟೋಬರ್ 24ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ನಿಯಂತ್ರಣ ಸಡಿಲಿಸುವ ಕಾಯ್ದೆಗೆ ಸಹಿ ಹಾಕಿದರು. 1984 ಮುಗಿಯುವಷ್ಟರಲ್ಲಿ ಬೋರ್ಡಿಗೇ ಬಾಗಿಲು ಹಾಕಿದರು. ಆಮೇಲೆ ಹೊಸ ಕಂಪನಿಗಳು ಬಂದವು. 1981ರಲ್ಲಿ ನ್ಯೂವಾರ್ಕ್‌ನಿಂದ ಪೀಪಲ್ ಎಕ್ಸ್‌ಪ್ರೆಸ್ ಹಾರಿತು, ಸೌತ್‌ವೆಸ್ಟ್ ಕಂಪನಿ 1979ರಲ್ಲೇ ಟೆಕ್ಸಾಸ್ ದಾಟಿತ್ತು. ಬೆಲೆ ಏರಿಕೆ ಲೆಕ್ಕ ಹಾಕಿ ನೋಡಿದರೆ ದರ ಇಳಿಯುತ್ತಾ ಹೋಯಿತು. ಹಳೆಯ ದೊಡ್ಡ ಹೆಸರುಗಳು ಬೀಳತೊಡಗಿದವು. ಬ್ರಾನಿಫ್ 1982ರಲ್ಲಿ ನಿಂತಿತು, ಕಾಂಟಿನೆಂಟಲ್ 1983ರಲ್ಲಿ ದಿವಾಳಿ ಅರ್ಜಿ ಹಾಕಿ ನೌಕರರ ಸಂಬಳ ಕಡಿತ ಮಾಡಿತು, ಈಸ್ಟರ್ನ್ ಮತ್ತು ಪ್ಯಾನ್ ಆಮ್ ಎರಡೂ 1991ರಲ್ಲಿ ಮುಚ್ಚಿದವು. ಉಳಿಯಬೇಕಾದರೆ ಖರ್ಚು ಕಡಿಮೆ ಮಾಡಲೇಬೇಕು ಅನ್ನೋ ಪರಿಸ್ಥಿತಿ. ಇಂಧನದ ಬೆಲೆ ಕಂಪನಿಯ ಕೈಲಿಲ್ಲ, ವಿಮಾನ ರಿಪೇರಿಯ ಮೇಲೆ ಸರ್ಕಾರದ ಕಣ್ಣಿದೆ, ಪೈಲಟ್‌ಗಳಿಗೆ ಯೂನಿಯನ್ ಇದೆ. ಗೇಟಿನಲ್ಲಿ ನಿಂತವರಿಗೆ ಏನಿತ್ತು?

ಅಲ್ಲಿ ನಡೆದದ್ದು ಹೀಗೆ. ಕಂಪನಿ ತಪಾಸಣೆಯನ್ನು ತಾನೇ ಮಾಡುತ್ತಿರಲಿಲ್ಲ, ಟೆಂಡರ್ ಕರೆದು ಸೆಕ್ಯುರಿಟಿ ಏಜೆನ್ಸಿಗೆ ಗುತ್ತಿಗೆ ಕೊಡುತ್ತಿತ್ತು. ಕಡಿಮೆ ದರ ಹೇಳಿದವನಿಗೆ ಗುತ್ತಿಗೆ. ಆ ಏಜೆನ್ಸಿಯ ಖರ್ಚೆಂದರೆ ಬಹುಪಾಲು ಸಂಬಳವೇ, ಹಾಗಾಗಿ ಅಲ್ಲೇ ಕತ್ತರಿ. 1990ರ ದಶಕದ ಕೊನೆಗೆ ಹಲವು ದೊಡ್ಡ ನಿಲ್ದಾಣಗಳಲ್ಲಿ ಎಕ್ಸ್‌ರೇ ಪರದೆ ನೋಡುವವರಿಗೆ ಶುರುವಿನ ಕೂಲಿ ಗಂಟೆಗೆ 6 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಇತ್ತು. ಅದೇ ನಿಲ್ದಾಣದ ಬರ್ಗರ್ ಅಂಗಡಿಗಳು ಅದಕ್ಕಿಂತ ಜಾಸ್ತಿ ಕೊಡುತ್ತಿದ್ದವು ಅಂತ ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆ ಜಿಎಒ ಬರೆದಿದೆ. ಇಂಥ ಕೆಲಸದಲ್ಲಿ ಯಾರು ನಿಲ್ಲುತ್ತಾರೆ? 1998ರ ಮೇ ತಿಂಗಳಿಂದ ಒಂದು ವರ್ಷ 19 ದೊಡ್ಡ ನಿಲ್ದಾಣಗಳಲ್ಲಿ ಕೆಲಸ ಬಿಟ್ಟು ಹೋದವರ ಪ್ರಮಾಣ ಸರಾಸರಿ 126 ಶೇಕಡ. ಅಂದರೆ ನೂರು ಜಾಗಕ್ಕೆ ವರ್ಷದಲ್ಲಿ ನೂರಿಪ್ಪತ್ತಾರು ಜನ ಬಂದು ಹೋಗಿದ್ದಾರೆ. ಎಕ್ಸ್‌ರೇ ಪರದೆಯಲ್ಲಿ ಬಟ್ಟೆ, ಚಾರ್ಜರ್, ಶೇವಿಂಗ್ ಸೆಟ್ ಎಲ್ಲ ಒಂದರ ಮೇಲೊಂದು ಬಿದ್ದಿರುವಾಗ ಅದರ ನಡುವೆ ಬೇಡದ್ದನ್ನು ಗುರುತಿಸೋಕೆ ತಿಂಗಳುಗಟ್ಟಲೆ ನೋಡಿ ನೋಡಿ ಕಣ್ಣು ಪಳಗಬೇಕು, ಆ ಪಳಗುವಷ್ಟರಲ್ಲಿ ಅವರು ಬೇರೆ ಕೆಲಸಕ್ಕೆ ಹೋಗಿಬಿಟ್ಟಿರುತ್ತಿದ್ದರು.

ಪರೀಕ್ಷೆಗಳೂ ಇದನ್ನೇ ಹೇಳುತ್ತಿದ್ದವು. ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎ ತನ್ನವರನ್ನೇ ಪ್ರಯಾಣಿಕರ ಹಾಗೆ ಕಳಿಸಿ, ನಕಲಿ ಆಯುಧ ಒಯ್ಯುವಂತೆ ಮಾಡಿ ನೋಡುತ್ತಿತ್ತು. 1978ರಲ್ಲಿ ಸಿಬ್ಬಂದಿ ಕಣ್ಣಿಗೆ ಬೀಳದೆ ಹೋದದ್ದು 13 ಶೇಕಡ. 1987ರಲ್ಲಿ 20 ಶೇಕಡ. ಈ ಏರಿಕೆಗೆ ಪೈಪೋಟಿಯೊಂದೇ ಕಾರಣ ಅಂತ ನಾನು ಹೇಳಲ್ಲ, ಜನಸಂದಣಿಯೂ ಜಾಸ್ತಿಯಾಗಿತ್ತು. ಆದರೆ ಜನ ಜಾಸ್ತಿಯಾದಾಗ ಗೇಟಿಗೆ ಜಾಸ್ತಿ ದುಡ್ಡು ಹಾಕುವ ಕಾರಣ ಕಂಪನಿಗಳಿಗೆ ಇರಲಿಲ್ಲ ಅನ್ನೋದಂತೂ ನಿಜ.

ಇಲ್ಲಿ ಒಬ್ಬರು ಕೇಳಬಹುದು. ಸುರಕ್ಷತೆ ಬೇಕಾದ ಪ್ರಯಾಣಿಕ ಸುರಕ್ಷಿತ ಕಂಪನಿಯನ್ನೇ ಆರಿಸಿಕೊಳ್ಳಬಹುದಲ್ವಾ, ಮಾರುಕಟ್ಟೆಯೇ ಇದನ್ನು ಸರಿಮಾಡಬೇಕಲ್ವಾ ಅಂತ. ಆಗಲ್ಲ. ಊಟ ಚೆನ್ನಾಗಿಲ್ಲ ಅಂದರೆ ಗೊತ್ತಾಗುತ್ತದೆ, ವಿಮಾನ ತಡವಾದರೆ ಗೊತ್ತಾಗುತ್ತದೆ. ತಪಾಸಣೆ ಸಡಿಲವಾಗಿದ್ದರೆ ಸಾಲು ಬೇಗ ಸರಿಯುತ್ತದೆ, ಪ್ರಯಾಣಿಕನಿಗೆ ಖುಷಿಯೇ ಆಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಒಂದು ನಿಲ್ದಾಣದ ಗೇಟು ಒಂದೇ ಕಂಪನಿಯದಾಗಿರುವುದಿಲ್ಲ. ಒಂದು ಟರ್ಮಿನಲ್ಲಿನ ತಪಾಸಣೆಯನ್ನು ಅಲ್ಲಿನ ಒಂದು ಕಂಪನಿ ವಹಿಸಿಕೊಂಡರೆ ಉಳಿದ ಕಂಪನಿಗಳ ಪ್ರಯಾಣಿಕರೂ ಅದೇ ಗೇಟಿನಲ್ಲಿ ಹೋಗುತ್ತಾರೆ. ಊರಿನ ಕೆರೆಗೆ ಏರಿ ಒಂದೇ, ನನ್ನ ಹೊಲದ ಎದುರಿನ ನಾಲ್ಕು ಮಾರು ಮಾತ್ರ ಗಟ್ಟಿ ಮಾಡಿಕೊಂಡರೆ ಕೆರೆ ಒಡೆಯದೆ ಇರುತ್ತದೆಯೇ? ಪಕ್ಕದವನು ಮಾಡದಿದ್ದರೆ ನನ್ನ ಖರ್ಚು ದಂಡ, ಹಾಗಾಗಿ ನಾನೂ ಮಾಡಲ್ಲ. ಹೊವರ್ಡ್ ಕುನ್ರೂಥರ್ ಮತ್ತು ಜೆಫ್ರಿ ಹೀಲ್ ಅನ್ನೋ ಇಬ್ಬರು ವಿದ್ವಾಂಸರು ಇದನ್ನು ಗಣಿತದಲ್ಲೇ ತೋರಿಸಿದ್ದಾರೆ.

ಅವರು ಕೊಡುವ ಉದಾಹರಣೆ ಲಾಕರ್ಬಿಯದು. 1988ರ ಡಿಸೆಂಬರ್ 21ರಂದು ಪ್ಯಾನ್ ಆಮ್ 103 ವಿಮಾನ ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಸ್ಫೋಟವಾಯಿತು. ವಿಮಾನದಲ್ಲಿದ್ದ 259 ಜನ, ಕೆಳಗೆ ಊರಿನಲ್ಲಿದ್ದ 11 ಜನ ಸತ್ತರು. ಬಾಂಬಿದ್ದ ಸೂಟ್‌ಕೇಸ್ ಮಾಲ್ಟಾದಿಂದ ಬೇರೆ ಕಂಪನಿಯ ವಿಮಾನದಲ್ಲಿ ಫ್ರಾಂಕ್‌ಫರ್ಟ್‌ಗೆ ಬಂದು, ಅಲ್ಲಿ ಪ್ಯಾನ್ ಆಮ್‌ಗೆ ವರ್ಗವಾಯಿತು, ಅದರ ಜೊತೆ ಪ್ರಯಾಣಿಕನೇ ಇರಲಿಲ್ಲ ಅಂತ 2001ರಲ್ಲಿ ನ್ಯಾಯಾಲಯ ತೀರ್ಮಾನಿಸಿತು. ನನಗೆ ಮುಖ್ಯ ಅನ್ನಿಸೋದು ಬೇರೆ ವಿಷಯ. ಪ್ಯಾನ್ ಆಮ್ ಆಗಲೇ ಹಣದ ಕಷ್ಟದಲ್ಲಿತ್ತು. ಅಟ್ಲಾಂಟಿಕ್ ದಾಟುವ ಪ್ರಯಾಣಿಕರಿಂದ ಸೆಕ್ಯುರಿಟಿ ಹೆಸರಲ್ಲಿ ಪ್ರತ್ಯೇಕ ಶುಲ್ಕ ತಗೊಳ್ಳುತ್ತಿತ್ತು, ಅಲರ್ಟ್ ಅನ್ನೋ ಹೆಸರಿನ ಸ್ವಂತ ಸೆಕ್ಯುರಿಟಿ ಕಂಪನಿಯನ್ನೂ ಮಾಡಿಕೊಂಡಿತ್ತು. ಅಂದರೆ ಸುರಕ್ಷತೆಯನ್ನು ಸರಕಿನ ಹಾಗೆ ಮಾರುವ ಪ್ರಯತ್ನವೂ ಆಗಿತ್ತು. ಆದರೆ ಬೇರೆ ಕಂಪನಿಯಿಂದ ಬಂದ ಲಗೇಜನ್ನು ಪ್ರಯಾಣಿಕರ ಪಟ್ಟಿಯ ಜೊತೆ ತಾಳೆ ನೋಡುವ ಬದಲು ಫ್ರಾಂಕ್‌ಫರ್ಟ್‌ನಲ್ಲಿ ಎಕ್ಸ್‌ರೇ ಮಾಡಿ ಒಳಗೆ ಹಾಕುತ್ತಿದ್ದರು. ತಾಳೆ ನೋಡಿದರೆ ವಿಮಾನ ತಡವಾಗುತ್ತದೆ. 1992ರಲ್ಲಿ ನ್ಯೂಯಾರ್ಕಿನ ಜ್ಯೂರಿ ಕಂಪನಿಯನ್ನು ತಪ್ಪಿತಸ್ಥ ಅಂದಿತು. ಅಷ್ಟರಲ್ಲಿ ಕಂಪನಿಯೇ ಇರಲಿಲ್ಲ.

ಆಮೇಲಾದರೂ ಸರಿಹೋಯಿತಾ? 1996ರಲ್ಲಿ ಸೆಕ್ಯುರಿಟಿ ಏಜೆನ್ಸಿಗಳಿಗೆ ಪ್ರಮಾಣಪತ್ರ ಕಡ್ಡಾಯ ಮಾಡಿ ಅಂತ ಸಂಸತ್ತು ಕಾನೂನನ್ನೇ ಮಾಡಿತು. ಅದಕ್ಕೆ ಎಫ್‌ಎಎ ನಿಯಮ ಬರೆಯಬೇಕಿತ್ತು. ಐದು ವರ್ಷವಾದರೂ ಆ ನಿಯಮ ಜಾರಿಗೆ ಬರಲಿಲ್ಲ. 2000ದಲ್ಲಿ ಆರ್ಗನ್‌ಬ್ರೈಟ್ ಅನ್ನೋ ದೊಡ್ಡ ಏಜೆನ್ಸಿ, ಫಿಲಡೆಲ್ಫಿಯಾದಲ್ಲಿ ತರಬೇತಿ ಮತ್ತು ಹಿನ್ನೆಲೆ ಪರಿಶೀಲನೆಯ ಸುಳ್ಳು ದಾಖಲೆ ಕೊಟ್ಟದ್ದಕ್ಕೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಹತ್ತು ಲಕ್ಷ ಡಾಲರಿಗೂ ಜಾಸ್ತಿ ಕಟ್ಟಿತು. ಆದರೂ ಅದರ ಗುತ್ತಿಗೆಗಳು ಮುಂದುವರಿದವು.

2001ರ ಸೆಪ್ಟೆಂಬರ್ 11. ವಾಷಿಂಗ್ಟನ್ ಹತ್ತಿರದ ಡಲ್ಲಸ್ ವಿಮಾನ ನಿಲ್ದಾಣ. ಬೆಳಿಗ್ಗೆ 7:18ಕ್ಕೆ ಇಬ್ಬರು ಅಪಹರಣಕಾರರು ಗೇಟಿಗೆ ಬಂದರು. ಇಬ್ಬರಿಗೂ ಮೊದಲ ಮೆಟಲ್ ಡಿಟೆಕ್ಟರ್ ಸದ್ದು ಮಾಡಿತು. ಒಬ್ಬನಿಗೆ ಎರಡನೆಯದೂ ಸದ್ದು ಮಾಡಿತು, ಕೈಯಲ್ಲಿ ಹಿಡಿಯುವ ಯಂತ್ರ ಆಡಿಸಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಬಂದ ಇನ್ನೊಬ್ಬನಿಗೆ ಎರಡೂ ಡಿಟೆಕ್ಟರ್ ಸದ್ದು ಮಾಡಿದವು. ಅವನಿಗೂ ಕೈಯಂತ್ರ ಆಡಿಸಿದರು, ಹೆಗಲ ಚೀಲವನ್ನು ಸ್ಫೋಟಕದ ಯಂತ್ರದಲ್ಲಿ ನೋಡಿದರು, ಬಿಟ್ಟರು. ಅವನ ಹಿಂದಿನ ಜೇಬಿನ ಅಂಚಿಗೆ ಏನೋ ಸಿಕ್ಕಿಸಿಕೊಂಡಿರುವುದು ಕ್ಯಾಮೆರಾದಲ್ಲಿ ಕಾಣುತ್ತದೆ. ಸದ್ದಿಗೆ ಕಾರಣ ಏನು ಅಂತ ಯಾರೂ ಹುಡುಕಲಿಲ್ಲ. ತನಿಖಾ ಆಯೋಗ ಕರೆಸಿದ ಪರಿಣಿತರು ಆ ವೀಡಿಯೊ ನೋಡಿ ಕೆಲಸ ಹೆಚ್ಚೆಂದರೆ ಹೇಗೋ ನಡೆಯುವ ಮಟ್ಟದ್ದು ಅನ್ನೋ ಅರ್ಥದ ಮಾತು ಹೇಳಿದರು. ಆ ಗೇಟಿನಲ್ಲಿದ್ದವರು ಆರ್ಗನ್‌ಬ್ರೈಟ್ ಸಿಬ್ಬಂದಿ. ಅವರಿಗೆ ಗುತ್ತಿಗೆ ಕೊಟ್ಟಿದ್ದು ಯುನೈಟೆಡ್ ಏರ್‌ಲೈನ್ಸ್. ಅಲ್ಲಿಂದ ದಾಟಿದ ಐವರು ಹತ್ತಿ ಪೆಂಟಗನ್‌ಗೆ ಅಪ್ಪಳಿಸಿದ್ದು ಅಮೆರಿಕನ್ ಏರ್‌ಲೈನ್ಸ್ 77. ಗೇಟಿನ ಖರ್ಚು ಒಂದು ಕಂಪನಿಯದು, ಹೋದ ಪ್ರಾಣ ಇನ್ನೊಂದು ಕಂಪನಿಯ ಪ್ರಯಾಣಿಕರದು ಮತ್ತು ನೆಲದ ಮೇಲಿದ್ದವರದು.

ಇಷ್ಟಾದರೂ ಎಲ್ಲ ತಪ್ಪನ್ನೂ ಆ ಆರು ಡಾಲರಿನ ಕೂಲಿಯವರ ತಲೆಗೆ ಕಟ್ಟುವುದು ಅನ್ಯಾಯ. ನಾಲ್ಕು ಇಂಚಿಗಿಂತ ಕಡಿಮೆ ಉದ್ದದ ಚಾಕು ಒಯ್ಯೋಕೆ ಆಗ ನಿಯಮದಲ್ಲೇ ಅವಕಾಶ ಇತ್ತು. ಅಪಹರಣಕಾರರಲ್ಲಿ ಹಲವರನ್ನು ಕಂಪ್ಯೂಟರ್ ವ್ಯವಸ್ಥೆ ಅನುಮಾನಾಸ್ಪದ ಅಂತ ಗುರುತಿಸಿತ್ತು, ಆದರೆ ಅದರಿಂದ ಆಗುತ್ತಿದ್ದದ್ದು ಅವರ ಲಗೇಜಿನ ಮೇಲೆ ನಿಗಾ ಮಾತ್ರ, ಅವರನ್ನು ತಡೆಯುವುದಲ್ಲ. ಕಾಕ್‌ಪಿಟ್ ಬಾಗಿಲು ಒದ್ದರೆ ಮುರಿಯುವಷ್ಟು ತೆಳು. ಗಟ್ಟಿ ಬಾಗಿಲು ಹಾಕಿದ್ದು 2003ರ ಏಪ್ರಿಲ್ ಹೊತ್ತಿಗೆ. ನನ್ನ ಪ್ರಕಾರ 2001ರ ನಂತರ ಮಾಡಿದ ಎಲ್ಲ ಖರ್ಚಿನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಕೊಟ್ಟದ್ದು ಆ ಬಾಗಿಲು. ಒಂದು ಸಲದ ಖರ್ಚು, ಸಾಲು ಉದ್ದವಾಗಲ್ಲ, ಪ್ರಯಾಣಿಕನ ಸಮಯ ಹಾಳಾಗಲ್ಲ. 1972ರ ಬೆದರಿಕೆಯ ನಂತರವೇ ಅದನ್ನು ಹಾಕಬಹುದಿತ್ತು ಅಂತ ನೆನೆದರೆ ಸಂಕಟವಾಗುತ್ತದೆ.

ಘಟನೆಯಾದ 11 ದಿನಕ್ಕೆ ಸಂಸತ್ತು ವಿಮಾನ ಕಂಪನಿಗಳಿಗೆ 500 ಕೋಟಿ ಡಾಲರ್ ನೇರ ನೆರವು, 1,000 ಕೋಟಿ ಡಾಲರಿನವರೆಗೆ ಸಾಲದ ಖಾತರಿ ಕೊಟ್ಟಿತು. ನವೆಂಬರ್ 19ಕ್ಕೆ ತಪಾಸಣೆ ನೋಡಿಕೊಳ್ಳುವ ಟಿಎಸ್‌ಎ ಅನ್ನೋ ಹೊಸ ಸರ್ಕಾರಿ ಸಂಸ್ಥೆಯ ಕಾನೂನಾಯಿತು. ಒಂದೇ ವರ್ಷದಲ್ಲಿ ದೇಶದ ಬಹುತೇಕ ಎಲ್ಲ ಗೇಟುಗಳೂ ಸರ್ಕಾರಿ ಸಿಬ್ಬಂದಿಯ ಕೈಗೆ ಬರಬೇಕು ಅನ್ನೋ ಗಡುವು. 50,000ಕ್ಕೂ ಹೆಚ್ಚು ಜನರನ್ನು ತಗೊಂಡರು, ಶುರುವಿನ ಸಂಬಳ ವರ್ಷಕ್ಕೆ 23,600 ಡಾಲರ್. ಹಳೆಯ ಕೂಲಿಗೆ ಹೆಚ್ಚೂಕಮ್ಮಿ ಎರಡು ಪಟ್ಟು. ಅವಸರದ ಬೆಲೆಯನ್ನೂ ತೆತ್ತರು. ನೇಮಕಾತಿಯ ಗುತ್ತಿಗೆಯೊಂದು 10.4 ಕೋಟಿ ಡಾಲರಿಂದ 74.1 ಕೋಟಿ ಡಾಲರಿಗೆ ಬೆಳೆಯಿತು.

ಇನ್ನು ಈ ಖರ್ಚು ಯಾರದು? ಆಗ ಪ್ರಯಾಣಿಕನಿಗೆ ಒಂದು ವಿಮಾನ ಹತ್ತಿದರೆ ಎರಡೂವರೆ ಡಾಲರ್ ಶುಲ್ಕ, ಒಂದು ಕಡೆಯ ಪ್ರಯಾಣಕ್ಕೆ ಗರಿಷ್ಠ 5 ಡಾಲರ್. ವಿಮಾನ ಕಂಪನಿಗಳು 2000ದಲ್ಲಿ ತಪಾಸಣೆಗೆ ತಾವು ಎಷ್ಟು ಖರ್ಚು ಮಾಡಿದ್ದವೋ ಅಷ್ಟನ್ನು ಪ್ರತಿ ವರ್ಷ ಸರ್ಕಾರಕ್ಕೆ ಕಟ್ಟಬೇಕಿತ್ತು. ಇಲ್ಲೊಂದು ಕಥೆ ನಡೆಯಿತು. ಈ ಕೆಲಸ ನಮ್ಮ ತಲೆ ಮೇಲಿಂದ ಇಳಿಸಿ ಅಂತ ಕೇಳುವಾಗ ಕಂಪನಿಗಳ ಸಂಘ ಹೇಳಿದ್ದು ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಖರ್ಚು ಅಂತ. ಕಟ್ಟುವ ಸಮಯ ಬಂದಾಗ ಲೆಕ್ಕ ಕೊಟ್ಟದ್ದು ಸುಮಾರು 30 ಕೋಟಿ. 2005ರಲ್ಲಿ ಜಿಎಒ ಪರಿಶೀಲಿಸಿ 44.8 ಕೋಟಿ ಅಂತ ಅಂದಾಜು ಮಾಡಿತು. ದೇಶದ ಅಷ್ಟೂ ಪ್ರಯಾಣಿಕರ ತಪಾಸಣೆಗೆ ಇಡೀ ಉದ್ಯಮ ಎಷ್ಟು ಖರ್ಚು ಮಾಡುತ್ತಿತ್ತು ಅನ್ನೋದನ್ನು ಅದುವರೆಗೆ ಯಾರೂ ಕೂತು ಲೆಕ್ಕ ಹಾಕಿರಲಿಲ್ಲ. ಎಲ್ಲ ಟೆಂಡರ್‌ಗಳಲ್ಲಿ ಚೂರುಚೂರಾಗಿ ಹಂಚಿಹೋಗಿತ್ತು.

ಸರ್ಕಾರ ವಹಿಸಿಕೊಂಡ ಮೇಲೆ ಪೈಪೋಟಿಯ ಮೇಲೂ ಪರಿಣಾಮವಾಯಿತು, ಇದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಶುಲ್ಕ ದೂರಕ್ಕೆ ತಕ್ಕಂತೆ ಅಲ್ಲ, ತಲೆಗೆ ಇಷ್ಟು ಅಂತ. ಸಾವಿರ ಡಾಲರ್ ಟಿಕೆಟ್ಟಿನಲ್ಲಿ ಐದು ಡಾಲರ್ ಕಾಣಿಸುವುದೇ ಇಲ್ಲ, ಅರವತ್ತು ಡಾಲರ್ ಟಿಕೆಟ್ಟಿನಲ್ಲಿ ಕಾಣಿಸುತ್ತದೆ. ಶುಲ್ಕಕ್ಕಿಂತ ದೊಡ್ಡ ಹೊರೆ ಸಮಯದ್ದು. ಡಾಲಸ್‌ನಿಂದ ಹ್ಯೂಸ್ಟನ್‌ಗೆ ಒಂದು ಗಂಟೆಯ ಹಾರಾಟಕ್ಕೆ ಗೇಟಿನಲ್ಲಿ ಒಂದು ಗಂಟೆ ಕಾಯಬೇಕಾದರೆ ಕಾರಲ್ಲೇ ಹೋಗೋಣ ಅನ್ನಿಸುತ್ತದೆ. ಕಾರ್ನೆಲ್‌ನ ಸಂಶೋಧಕರು ಲೆಕ್ಕ ಹಾಕಿದ ಪ್ರಕಾರ ಚೆಕ್-ಇನ್ ಲಗೇಜ್ ತಪಾಸಣೆಯೂ ಕಡ್ಡಾಯವಾದ್ದರಿಂದ ಪ್ರಯಾಣಿಕರು ಸುಮಾರು 6 ಶೇಕಡ ಕಡಿಮೆಯಾದರು, ಅತಿ ಜನದಟ್ಟಣೆಯ 50 ನಿಲ್ದಾಣಗಳಲ್ಲಿ 9 ಶೇಕಡ. ವಿಮಾನ ಬಿಟ್ಟು ಕಾರು ಹಿಡಿದದ್ದರಿಂದ 2002ರ ಕೊನೆಯ ಮೂರು ತಿಂಗಳಲ್ಲಿ ಹೆಚ್ಚುವರಿಯಾಗಿ 129 ಜನ ರಸ್ತೆಯಲ್ಲಿ ಸತ್ತರು ಅಂತ ಅವರ ಅಂದಾಜು. ಸುರಕ್ಷತೆಗೆ ಅಂತ ಮಾಡಿದ ನಿಯಮದಿಂದ ಹೋದ ಜೀವಗಳಿವು. ಇವರ ಹೆಸರು ಯಾವ ಸ್ಮಾರಕದಲ್ಲೂ ಇಲ್ಲ.

ಆ ಒತ್ತಡದಲ್ಲೇ ಯುಎಸ್ ಏರ್‌ವೇಸ್ ಮತ್ತು ಯುನೈಟೆಡ್ 2002ರಲ್ಲಿ, ಡೆಲ್ಟಾ ಮತ್ತು ನಾರ್ತ್‌ವೆಸ್ಟ್ 2005ರಲ್ಲಿ ದಿವಾಳಿ ಅರ್ಜಿ ಹಾಕಿದವು. ಇಂಧನದ ಬೆಲೆ, ಹಳೆಯ ಸಾಲ ಎಲ್ಲವೂ ಸೇರಿತ್ತು. 2008ರಿಂದ 2013ರೊಳಗೆ ಒಂದಾದ ಮೇಲೊಂದು ವಿಲೀನವಾಗಿ ದೇಶದೊಳಗಿನ ಹಾರಾಟದ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ನಾಲ್ಕೇ ಕಂಪನಿಗಳ ಕೈಗೆ ಬಂತು. ಅದು ಬೇರೆಯೇ ಕಥೆ.

ಸರ್ಕಾರಿ ಸಿಬ್ಬಂದಿ ಬಂದ ಕೂಡಲೇ ಎಲ್ಲ ಸರಿಯಾಯಿತಾ ಅಂದರೆ, ಇಲ್ಲ. 2015ರಲ್ಲಿ ಹೊರಬಿದ್ದ ಗುಪ್ತ ಪರೀಕ್ಷೆಯ ಫಲಿತಾಂಶದಲ್ಲಿ 70 ಪ್ರಯತ್ನಗಳಲ್ಲಿ 67 ಸಲ ನಕಲಿ ಆಯುಧ ಅಥವಾ ಬಾಂಬು ಒಳಗೆ ಹೋಗಿತ್ತು. ಇನ್ನೊಂದು ಕಡೆ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದಲ್ಲಿ 2002ರಿಂದಲೂ ಖಾಸಗಿ ಸಿಬ್ಬಂದಿಯೇ ಇದ್ದಾರೆ. ಆದರೆ ಅಲ್ಲಿ ಗುತ್ತಿಗೆ ಕೊಡುವುದು, ದುಡ್ಡು ಕೊಡುವುದು, ನಿಯಮ ಹೇಳುವುದು ಟಿಎಸ್‌ಎ. ಹಾಗಾಗಿ ಸರ್ಕಾರಿಯೋ ಖಾಸಗಿಯೋ ಅನ್ನೋ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಟೆಂಡರ್ ಕರೆಯುವವನು ಯಾರು, ಗೇಟು ಸೋತರೆ ಅವನಿಗೆ ನಷ್ಟವಾಗುತ್ತದಾ, ಅವನು ಉಳಿಸಿದ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನೋದು ನೋಡಬೇಕು. 2001ಕ್ಕೆ ಮುಂಚೆ ಆ ದುಡ್ಡು ಟಿಕೆಟ್ ದರದ ಯುದ್ಧಕ್ಕೆ ಹೋಗುತ್ತಿತ್ತು. ಈಗಿನದ್ದೂ ಸರಿಯಿಲ್ಲ. 2014ರಲ್ಲಿ ಶುಲ್ಕವನ್ನು ಒಂದು ಕಡೆಗೆ 5.60 ಡಾಲರ್ ಮಾಡಿದರು, ಕಂಪನಿಗಳು ಕಟ್ಟುತ್ತಿದ್ದ ಪಾಲನ್ನು ತೆಗೆದುಹಾಕಿದರು, ಪ್ರಯಾಣಿಕರು ಕೊಟ್ಟ ಶುಲ್ಕದಲ್ಲಿ ಒಂದು ಭಾಗವನ್ನು ಬಜೆಟ್ ಕೊರತೆ ತುಂಬೋಕೆ ತಿರುಗಿಸಿದರು. ಸೆಕ್ಯುರಿಟಿ ಹೆಸರಲ್ಲಿ ತಗೊಂಡ ದುಡ್ಡು ಸೆಕ್ಯುರಿಟಿಗೇ ಹೋಗಬೇಕು, ಇದರಲ್ಲಿ ಎರಡು ಮಾತಿಲ್ಲ.

ನಮ್ಮ ದೇಶ ಬೇರೆ ದಾರಿ ಹಿಡಿಯಿತು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ಐಸಿ 814 ಅಪಹರಣವಾದ ಮೇಲೆ ನಿಲ್ದಾಣಗಳ ಕಾವಲನ್ನು ರಾಜ್ಯ ಪೊಲೀಸರಿಂದ ಕೇಂದ್ರ ಸರ್ಕಾರದ ಭದ್ರತಾ ಪಡೆ ಸಿಐಎಸ್‌ಎಫ್‌ಗೆ ಕೊಡುತ್ತಾ ಬಂದರು, 2000ದಲ್ಲಿ ಜೈಪುರದಿಂದ ಶುರು. ಇಂಡಿಗೊ ಆಗಲಿ ಏರ್ ಇಂಡಿಯಾ ಆಗಲಿ, ಟಿಕೆಟ್ ಅಗ್ಗ ಮಾಡೋಕೆ ಆ ಜವಾನರ ಸಂಬಳಕ್ಕೆ ಕೈ ಹಾಕೋಕಾಗಲ್ಲ. 2020ರ ಜನವರಿಯಲ್ಲಿ ಮಂಗಳೂರು ನಿಲ್ದಾಣದಲ್ಲಿ ವಾರಸುದಾರರಿಲ್ಲದ ಚೀಲದಲ್ಲಿ ಸ್ಫೋಟಕ ಇದ್ದದ್ದನ್ನು ಪತ್ತೆ ಮಾಡಿದ್ದು ಇದೇ ಪಡೆಯವರು. ಈ ಭಾಗವನ್ನು ನಾವು ಸರಿಯಾಗಿಯೇ ಮಾಡಿದ್ದೇವೆ. ಶುಲ್ಕದ ವಿಷಯದಲ್ಲಿ ಮಾತ್ರ ನಮ್ಮದೂ ಅಮೆರಿಕದ ದಾರಿಯೇ. 2021ರ ಏಪ್ರಿಲಿನಿಂದ ದೇಶದೊಳಗಿನ ಪ್ರಯಾಣಕ್ಕೆ ವಿಮಾನಯಾನ ಭದ್ರತಾ ಶುಲ್ಕ ತಲೆಗೆ 200 ರೂಪಾಯಿ. ಬೆಂಗಳೂರಿಂದ ದೆಹಲಿಗೆ ಹೋದರೂ ಅಷ್ಟೇ, ಬೆಂಗಳೂರಿಂದ ಮಂಗಳೂರಿಗೆ ಹೋದರೂ ಅಷ್ಟೇ. ಸಣ್ಣ ಊರುಗಳಿಗೆ ವಿಮಾನ ಹಾರಿಸಬೇಕು ಅಂತ ಒಂದು ಕಡೆ ಸಬ್ಸಿಡಿ ಕೊಡುವ ಸರ್ಕಾರ, ಈ ಶುಲ್ಕವನ್ನು ಟಿಕೆಟ್ ದರದ ಇಷ್ಟು ಶೇಕಡ ಅಂತ ಬದಲಾಯಿಸಬಹುದು. ದಿನಕ್ಕೆ ಎರಡೇ ವಿಮಾನ ಬರುವ ನಿಲ್ದಾಣದಲ್ಲಿ ಅಗ್ಗದ ಟಿಕೆಟ್ಟಿನವರ ಮೇಲೆ ಬೀಳುವ ಭಾರ ಅಷ್ಟಾದರೂ ಇಳಿಯುತ್ತದೆ.